ಗಿನಿಪಿಗ್‌ಗೆ ಎಣ್ಣೆಸ್ನಾನ

ಬಿಸಿ ತೆಂಗಿನೆಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಅಂಗೈ ತಣ್ಣಗಾಗುತ್ತದೆ.

ಅಂದು ಸಾನಪಾಡಾದ ನಮ್ಮ ಫ್ಲ್ಯಾಟಿನಲ್ಲಿ ದೀಪಾವಳಿ. ನನಗಾಗ ಏಳು ವರ್ಷ. ಉಡುಪಿಯಿಂದ ಬಂದಿದ್ದ ಅಜ್ಜಿ ಬೆಳಿಗ್ಗೆ ನನ್ನ ನೆತ್ತಿಗೆ ಎಣ್ಣೆ ತಟ್ಟುತ್ತಾ, "ಇವತ್ತು ಎಣ್ಣೆಸ್ನಾನ ಮಾಡದವರು ಮನೆಯಲ್ಲಿ ಒಬ್ಬರೂ ಇರಬಾರ್ದು" ಎಂದಿದ್ದರು. ಮಧ್ಯಾಹ್ನ ಅಮ್ಮ ಮಾರ್ಕೆಟ್ಟಿಗೆ ಹೋದಾಗ ನನಗೆ ನೆನಪಾಯಿತು: ನನ್ನ ಗಿನಿಪಿಗ್ ಚಿಂಟುವಿಗೆ ಸ್ನಾನ ಆಗಿರಲಿಲ್ಲ.

ಉಳಿದ ಎಣ್ಣೆಯನ್ನೆಲ್ಲ ಅದರ ಮೈಗೆ ಸವರಿದೆ. ಕಡಲೆಹಿಟ್ಟು ಉಜ್ಜಿ, ತಲೆಯ ಮೇಲಿಂದ ಚೊಂಬುಗಟ್ಟಲೆ ನೀರು ಸುರಿದೆ. ಮೊದಲು ಅದು ಕೀರಲು ದನಿಯಲ್ಲಿ ಕೂಗಿತು. ಆಮೇಲೆ ಕೂಗೂ ನಿಂತಿತು. ಕೂದಲು ಮೈಗಂಟಿ ಇಲಿಮರಿಯಷ್ಟೇ ಆಗಿ, ಗಡಗಡ ನಡುಗುತ್ತಾ ನನ್ನ ಕೈಯಲ್ಲಿ ತಣ್ಣಗಾಗತೊಡಗಿತು.

ನನ್ನ ಚೀರಾಟಕ್ಕೆ ಅಜ್ಜಿ ಓಡಿ ಬಂದರು. "ಅಯ್ಯೋ ದೇವರೇ, ಎಂತ ಮಾಡಿದ್ದು ಮಗಾ?" ಅದನ್ನು ಒಣ ಟವೆಲಿನಲ್ಲಿ ಸುತ್ತಿ, ಸೆರಗಿನೊಳಗೆ ಹೊಟ್ಟೆಗೆ ಅವುಚಿಕೊಂಡು, ಫ್ಯಾನ್ ಆರಿಸಿ ಕುಳಿತರು.

ಹೆದರಿದರೆ ನನ್ನ ಬಾಯಿಗೆ ಸಾನಪಾಡಾದ ಹಿಂದಿಯೇ ಬರುತ್ತಿತ್ತು. "ಅಜ್ಜಿ, ಜಿಂದಾ ಹೈ ನಾ?" ಎಂದು ಕೇಳುತ್ತಲೇ ಇದ್ದೆ.

"ಉಂಟು, ಜೀವ ಉಂಟು" ಎನ್ನುತ್ತಲೇ ಇದ್ದರು ಅಜ್ಜಿ, ಸೆರಗು ಸರಿಸಿ ನೋಡದೆಯೇ.

ಅಷ್ಟರಲ್ಲಿ ಬಾಗಿಲ ಬೀಗ ತಿರುಗಿತು. ಅಮ್ಮ ಒಳಗೆ ಬಂದವರೇ ಚಿಂಟುವಿನ ಖಾಲಿ ಗೂಡು, ಎಣ್ಣೆಯ ಬಟ್ಟಲು, ಅಜ್ಜಿಯ ಒದ್ದೆ ಸೆರಗು ನೋಡಿ ನನ್ನತ್ತ ತಿರುಗಿದರು. "ಇದಕ್ಕೆ ಸ್ನಾನ ಮಾಡಿಸು ಅಂತ ಯಾರು ಹೇಳಿದ್ದು ನಿಂಗೆ?"

"ನಾನೇ ಹೇಳಿದ್ದು" ಎಂದರು ಅಜ್ಜಿ.

ಸಂಜೆಗೆ ಚಿಂಟು ಒಂದು ಕೊತ್ತಂಬರಿ ಎಲೆ ಕಚ್ಚಿತು. ಆಗ ನಾನು ಗಟ್ಟಿಯಾಗಿ ಅತ್ತೆ.

ಮುಂದಿನ ದೀಪಾವಳಿಗೂ ಅಜ್ಜಿ ನನ್ನ ನೆತ್ತಿಗೆ ಎಣ್ಣೆ ತಟ್ಟಿದರು. "ಮನೆಯಲ್ಲಿ ಒಬ್ಬರೂ" ಎಂಬ ಆ ಮಾತು ಮಾತ್ರ ಹೇಳಲಿಲ್ಲ.