ಮಂಜು ಕವಿದ ಹಾಳೆ

ಆ ಬೆಳಿಗ್ಗೆ ಬೀದಿಗೆಲ್ಲ ಮಂಜು ಕವಿದಿತ್ತು. ಭಜನೆಯ ಹಾಡಿನ ಹಾಳೆ ಹಿಡಿದು ಮರಿಸಿದ್ದಯ್ಯ ಮತ್ತೆ ಸುಗುಣಳ ಡಿಟಿಪಿ ಅಂಗಡಿಯ ಮೆಟ್ಟಿಲು ಹತ್ತಿದರು.

"ತಾಯೀ, ಹೊರಗಿನ ಮಂಜೆಲ್ಲ ನಿನ್ನ ಪ್ರಿಂಟಿನ ಮೇಲೇ ಇಳಿದಂಗಿದೆ. ಒತ್ತಕ್ಷರ ಒಂದೂ ಕಾಣಲ್ಲ. ಶಿವನ ಹೆಸರನ್ನೂ ತಡವರಿಸ್ಕೊಂಡು ಹಾಡೋದಾ?"

"ಪಿಡಿಎಫ್ ಮಾಡುವಾಗ ಅಕ್ಷರ ಹೋಗಿ ಚಿತ್ರ ಆಗಿ ಮಸುಕಾಗ್ತಿದೆ ಅಜ್ಜಾ. ಕೂತ್ಕೊಳ್ಳಿ, ಸೆಟ್ಟಿಂಗ್ ನೋಡ್ತೀನಿ. ಟೀ ತರಿಸ್ಲಾ? ನಿನ್ನೆ ಹೇಳ್ತಿದ್ರಲ್ಲ, ಆ ಕಥೆ ಮುಂದೇನಾಯ್ತು?"

ವಾರದಿಂದ ಇದೇ ಪಾಡು. ಅವರು ಎದ್ದುಹೋದರೆ ಸಂಜೆಯವರೆಗೂ ಆ ಅಂಗಡಿಯಲ್ಲಿ ಮನುಷ್ಯರ ದನಿಯೇ ಇರುತ್ತಿರಲಿಲ್ಲ.

"ಕಥೆಗೆ ಪುರುಸೊತ್ತಿಲ್ಲ ಕಣವ್ವ. ಭಜನೆ ಇವತ್ತೇ. ಆಗಲ್ಲ ಅಂದ್ರೆ ಹೇಳ್ಬಿಡು, ಪೇಟೆಗೆ ಹೋಗ್ತೀನಿ."

ಮೌಸಿನ ಮೇಲೆ ಸುಗುಣಳ ಕೈ ನಿಂತಿತು. ಅವಳು ಮೇಜಿನ ಖಾನೆ ಎಳೆದು, ಮೊದಲ ದಿನವೇ ಸ್ಪಷ್ಟವಾಗಿ ಅಚ್ಚಾಗಿದ್ದ ಹಾಳೆಗಳ ಕಟ್ಟನ್ನು ಅವರ ಕೈಗಿಟ್ಟಳು.