ಏಕಾಂತಪ್ಪನವರ ಹಿತ್ತಲ ಕಲ್ಲು

“ಜಾಡಿ ಎತ್ರಪ್ಪೋ! ಬೂಟು ಹಾಕ್ಕೊಂಡು ಯಾವನೋ ಬರ್ತಾ ಅವ್ನೆ!”

ಮೂಲೆ ಅಂಗಡಿಯ ಪಾತಣ್ಣ ಇಷ್ಟು ಕೂಗಿ ಬಾಗಿಲಲ್ಲೇ ಏದುಸಿರು ಬಿಟ್ಟ. ಒಳಗಿದ್ದ ಮೂವರೂ ಒಟ್ಟಿಗೇ ಎದ್ದು, ಒಟ್ಟಿಗೇ ಜಾಡಿಗೆ ಬಾಗಿ, ಒಬ್ಬರ ತಲೆಗೊಬ್ಬರು ಡಿಕ್ಕಿ ಹೊಡೆದುಕೊಂಡರು. ಚಳ್ಳಕೆರೆಯ ಹಣ್ಣಿನ ರಸ ಸಂಶೋಧನಾ ಸಂಘ ಮೂರು ವರ್ಷದಲ್ಲಿ ಒಗ್ಗಟ್ಟಾಗಿ ಮಾಡಿದ ಮೊದಲ ಕೆಲಸ ಇದು.

ರಸ ಎನ್ನುವುದು ಊರಿಗೆ ಹೇಳುವ ಮಾತು. ಮಾಡುತ್ತಿದ್ದದ್ದು ವೈನು. ಅಧ್ಯಕ್ಷರು ಎಣ್ಣೆ ಗಿರಣಿಯ ಏಕಾಂತಪ್ಪನವರು. ಹಣ್ಣು ತರುವವನು ಕೊಂಡ್ಲಹಳ್ಳಿಯ ಉಗ್ರಪ್ಪ. ಮೂರನೆಯವನು ಕೆಮಿಸ್ಟ್ರಿ ಮೇಷ್ಟ್ರು ಶಶಿಕಾಂತ್. ಈ ಮೇಷ್ಟ್ರ ಬುದ್ಧಿಯ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಕಥೆ ಬರೆಯುತ್ತಿರುವುದು ಅವನೇ. ತೊಂಬತ್ತಾರರಲ್ಲಿ ಹಾಕಿದ ದ್ರಾಕ್ಷಿ ಹುಳಿಯಾಗಿ ಹಿತ್ತಾಳೆ ಚೊಂಬು ತಿಕ್ಕಲು ಹೋಯಿತು. ತೊಂಬತ್ತೇಳರ ದಾಳಿಂಬೆ ಜಾಡಿ ಒಡೆದು ಗೋಡೆಯೆಲ್ಲ ಕೆಂಪಾಗಿ, ಯಾರೋ ಮಾಟ ಮಾಡಿಸಿದ್ದಾರೆಂದು ಓಣಿಯೇ ಹೆದರಿತು. ಈ ಸಲದ ನೇರಳೆ ಮಾತ್ರ, ಮೇಷ್ಟ್ರ ಲೆಕ್ಕ ತಪ್ಪಿದ್ದರಿಂದಲೋ ಏನೋ, ಬಲು ಚೆನ್ನಾಗಿ ಬಂದಿತ್ತು.

ಆದರೆ ಶುಕ್ರವಾರ ಏಕಾಂತಪ್ಪನವರ ಮಗಳು ತ್ರಿವೇಣಿಯ ನಿಶ್ಚಿತಾರ್ಥ. ಬೀಗರಾಗುವವರು ಟೀ ಕೂಡ ಮುಟ್ಟದ, ಎರಡು ಹೊತ್ತೂ ಲಿಂಗಪೂಜೆ ತಪ್ಪಿಸದ ಮನೆತನ. ಜಾಡಿಯ ಸುದ್ದಿ ಗಾಳಿಯಲ್ಲಿ ಹೋದರೂ ಸಾಕು, ಸಂಬಂಧ ಅಲ್ಲಿಗೇ ಮುರಿಯಿತು. ಹೆಂಡತಿ ದ್ರಾಕ್ಷಾಯಣಮ್ಮ ಬೆಳಿಗ್ಗೆಯೇ ಎಚ್ಚರಿಕೆ ಕೊಟ್ಟಿದ್ದರು: “ನಿಮ್ಮ ಹುಚ್ಚಾಟಕ್ಕೆ ನನ್ನ ಮಗಳ ಮದ್ವೆ ನಿಂತ್ರೆ, ನಾನು ರಾಯದುರ್ಗದ ಬಸ್ ಹತ್ತಿದೆ ಅಂತ್ಲೇ ತಿಳ್ಕಳ್ರಿ.” ಗಡಿಯಾಚೆಯ ತೆಲುಗು ಸೀಮೆಯ ರಾಯದುರ್ಗ ಅವರ ತವರು. ಆ ಬಸ್ಸು ದಿನಕ್ಕೆ ಎಷ್ಟಿದೆ ಎಂಬುದು ಏಕಾಂತಪ್ಪನವರಿಗೆ ಬಾಯಿಪಾಠವಾಗಿತ್ತು.

ಉಗ್ರಪ್ಪ ಜಾಡಿಯನ್ನು ಎದೆಗವುಚಿಕೊಂಡು ಹಿತ್ತಲಿಗೆ ಓಡಿದ. ಅಲ್ಲಿ ಏಕಾಂತಪ್ಪನವರ ಅಜ್ಜನ ಕಾಲದ ಗಾಣದ ಕಲ್ಲು, ಜೊತೆಗೆ ಹಳೇ ಮನೆಗಳನ್ನು ಕೆಡವಿದಾಗ ಹೊತ್ತು ತಂದ ರುಬ್ಬುವ ಕಲ್ಲು, ಬೀಸುವ ಕಲ್ಲುಗಳ ರಾಶಿ. ಜಾಡಿ ಗಾಣದ ಕಲ್ಲಿನ ಹಿಂದೆ ಸೇರಿತು.

“ಎಂಥವನಲೇ ಪಾತಣ್ಣ, ಅವ್ನು?” ಏಕಾಂತಪ್ಪನವರು ಪಿಸುಗುಟ್ಟಿದರು.

“ಗಡಿ ಕಡೆ ಆಸಾಮಿ, ಸಾವ್ಕಾರ್ರೇ. ಅಂಗಡೀಲಿ ಮಂಚಿನೀಳ್ಳು ಅಂತ ನೀರು ಕೇಳಿ ಕುಡಿದ. ಆಮೇಲೆ ನಿಮ್ಮ ಮನೆ ಕೇಳಿದ.” ಇಷ್ಟು ಹೇಳಿ ಪಾತಣ್ಣ ಕಾಲಿಗೆ ಬುದ್ಧಿ ಹೇಳಿದ.

ಬಂದವನು ಬಾಗಿಲಲ್ಲಿ ಬೂಟು ಬಿಚ್ಚಿ ಕೈಮುಗಿದ. ಕಂಕುಳಲ್ಲಿ ಒಂದು ಡೈರಿ.

“ಮೊಳಕಾಲ್ಮೂರಿಂದ ಬಂದೆ ಯಜಮಾನ್ರೇ. ನಿಮ್ಮ ಮನೇಲಿ ಕಲ್ಲು ಐತಂತೆ, ನಿಜವಾ?”

ಹೋದ ಜೀವ ಬಂತು. ಕಲ್ಲು! ಬರೀ ಕಲ್ಲು! ಯಾವುದೋ ಹಳೇ ಕಲ್ಲು ಹುಡುಕುವ ಆಫೀಸಿನವನಿರಬೇಕು. ಏಕಾಂತಪ್ಪನವರಿಗೆ ಆತನನ್ನು ತಬ್ಬಿಕೊಳ್ಳಬೇಕೆನಿಸಿತು.

“ಐತಾ ಅಂತ ಕೇಳ್ತೀರಾ? ಹಿತ್ತಲ ತುಂಬಾ ಐತೆ! ಬರ್ರಿ, ಕುಂತ್ಕಳ್ರಿ.”

ಆತ ಪೆನ್ನಿನ ಮುಚ್ಚಳ ತೆಗೆದ. “ಎಷ್ಟು ವರ್ಷದಿಂದ?”

“ನಮ್ಮಜ್ಜನ ಕಾಲದಿಂದ. ಮನೆತನದ ಕಸುಬು.”

“ಜನ ಬರ್ತಾರಾ?”

“ಹಬ್ಬದ ಹಿಂದಿನ ದಿನ ನೋಡ್ಬೇಕು ನೀವು. ಓಣಿ ಹೆಂಗಸರೆಲ್ಲ ಸಾಲು ನಿಲ್ತಾರೆ.”

ಪೆನ್ನು ನಿಂತಿತು. “ಹೆಂಗಸರಾ?”

“ಹೆಂಗಸರೇ ಜಾಸ್ತಿ. ನಮ್ಮ ಮನೆಯಾಕೆ ಬೆಳಿಗ್ಗೆ ಎದ್ದ ಕೂಡ್ಲೇ ಅದರ ಮುಂದೇನೇ ಕೂರೋದು.”

ಆತ ಅಡುಗೆಮನೆಯ ಕಡೆ ಮರುಕದಿಂದ ನೋಡಿದ. “ಗಟ್ಟಿ ಐತಾ?”

“ಗಟ್ಟಿ ಅಂದ್ರೆ!” ಅಷ್ಟರಲ್ಲಿ ವಾಪಸ್ಸು ಬಂದಿದ್ದ ಉಗ್ರಪ್ಪ ಬಾಯಿ ಹಾಕಿದ. “ಹೋದ ವರ್ಷ ಎತ್ತೋಕೆ ಹೋಗಿ ಇಬ್ಬರು ನೆಲ ಹಿಡಿದ್ರು. ಒಬ್ಬ ಇನ್ನೂ ನೆಟ್ಟಗೆ ನಡೆಯಲ್ಲ.”

“ಲೈಸೆನ್ಸು?”

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರಿಗೆ ತನ್ನ ವಿದ್ಯೆ ತೋರಿಸುವ ಚಪಲ. “ಕಲ್ಲಿಗೆ ಎಂಥ ಲೈಸೆನ್ಸು ಸ್ವಾಮಿ? ನಮ್ಮ ಸ್ಕೂಲ್ ಹಿಂದೇನೂ ಐತೆ. ಬಿಡುವಿದ್ರೆ ಸಾಕು, ಹುಡುಗರು, ಮೇಷ್ಟ್ರುಗಳು ಎಲ್ಲಾ ಅಲ್ಲೇ ಬಿದ್ದಿರ್ತೀವಿ.”

ಆತ ಹಣೆ ಒರೆಸಿಕೊಂಡ. “ಒಂಚೂರು ತೋರಿಸ್ತೀರಾ?”

ಏಕಾಂತಪ್ಪನವರು ಹಿತ್ತಲ ಬಾಗಿಲಿಗೆ ಅಡ್ಡ ನಿಂತರು. ಜಾಡಿ ಅಲ್ಲೇ ಇದೆಯಲ್ಲ, ಶಿವನೇ! “ಈಗ ಬ್ಯಾಡ್ರಿ, ಹಾವು ಸೇರ್ಕಂಡೈತೆ. ಶನಿವಾರ ಬರ್ರಿ. ನಿಮಗೆ ಎಷ್ಟು ಬೇಕೋ ಅಷ್ಟು ಪುಕ್ಕಟೆ ಕೊಡ್ತೀನಿ. ನಿಮ್ಮ ಆಫೀಸ್ ಜನಕ್ಕೂ ಒಯ್ರಿ.”

“ಹೇಳಿದ್ದನ್ನೆಲ್ಲ ಬರಕೊಂಡಿದೀನಿ. ಒಂದು ಸೈ ಹಾಕ್ತೀರಾ?”

“ಒಂದ್ಯಾಕೆ? ಮೂರು ಹಾಕ್ತೀವಿ!”

ಆಸಾಮಿ ಬೇಗ ತೊಲಗಿದರೆ ಸಾಕಾಗಿತ್ತು. ಬರೆದದ್ದನ್ನು ಯಾರೂ ಓದಲಿಲ್ಲ. ಏಕಾಂತಪ್ಪನವರು ಹಾಕಿದರು, ಉಗ್ರಪ್ಪ ಹಾಕಿದ. ಮೇಷ್ಟ್ರು ಹೆಸರಿನ ಮುಂದೆ ಎಂ.ಎಸ್ಸಿ. ಎಂದೂ ಸೇರಿಸಿದ.

ಆತ ಡೈರಿ ಮುಚ್ಚಿ, ಬೂಟು ಹಾಕಿಕೊಂಡು, ಜೇಬಿನಿಂದ ಸೀಟಿ ತೆಗೆದು ಊದಿದ. ಬೀದಿಯ ತಿರುವಿನಿಂದ ಜೀಪು ಬಂತು. ಖಾಕಿಯ ನಾಲ್ವರು ಇಳಿದು ಸೀದಾ ಹಿತ್ತಲಿಗೆ ನಡೆದರು.

“ನಾನು ಅಬಕಾರಿ ಇನ್‌ಸ್ಪೆಕ್ಟರ್,” ಎಂದ ಆತ. “ಹತ್ತು ವರ್ಷದ ಸರ್ವೀಸಲ್ಲಿ ಇಷ್ಟು ನಿಯತ್ತಾಗಿ ಒಪ್ಕೊಂಡೋರ್ನ ನಾನು ನೋಡಿಲ್ಲ ಯಜಮಾನ್ರೇ.”

ಏಕಾಂತಪ್ಪನವರು ಡೈರಿಗೆ ಕೈ ಹಾಕಿದರು. “ಅಲ್ರೀ, ಕಲ್ಲಿಗೂ ಅಬಕಾರಿಯವರಿಗೂ ಏನ್ರೀ ಸಂಬಂಧ?”

ಹಿತ್ತಲಲ್ಲಿ ಕಲ್ಲುಗಳನ್ನು ಒಂದೊಂದಾಗಿ ಉರುಳಿಸುವ ಸದ್ದು ಶುರುವಾಗಿತ್ತು. ಅಡುಗೆಮನೆಯಿಂದ ದ್ರಾಕ್ಷಾಯಣಮ್ಮ ಹಣೆ ಚಚ್ಚಿಕೊಳ್ಳುತ್ತ ಹೊರಗೆ ಬಂದರು.

“ಅಯ್ಯೋ ನನ್ನ ಕರ್ಮವೇ! ತೆಲುಗಲ್ಲಿ ಕಲ್ಲು ಅಂದ್ರೆ ಹೆಂಡ ಕಣ್ರೀ!”