ಉಪ್ಪಿನಡಿಯ ಗುಡ್ಡ

ಬೆಳಿಗ್ಗೆ ಹನ್ನೊಂದಕ್ಕೆ ಚೆನ್ನೈನ ಎಗ್ಮೋರಿನ ಕಚೇರಿಯಲ್ಲಿ ಕಮಲಾಕರ ತನ್ನ ಕೈಕೆಳಗಿನ ಮಾನ್ಯಾ ತಯಾರಿಸಿದ ಭೂಗರ್ಭದ ಚಿತ್ರವನ್ನು ತನ್ನದೆಂದು ಪರದೆಗೆ ಹಾಕಿದ. ಕಡಲ ತಳದಲ್ಲಿ ಉಪ್ಪಿನ ದಪ್ಪ ರಾಶಿ, ಅದರಡಿ ಎಣ್ಣೆ ತಂಗುವಂಥ ಬಂಡೆಯ ಗುಡ್ಡ. "ಎಣ್ಣೆ ಇಲ್ಲೇ ಇದೆ," ಎಂದ. ಹೋದ ಸಲವೂ ಅವಳ ಹೆಸರು ತೆಗೆದುಹಾಕಿಯೇ ಬಡ್ತಿ ಪಡೆದಿದ್ದ.

ಅದಕ್ಕೇ ಈ ಸಲ ಅವನ ಕೈಗೆ ಸಿಗುವಂತೆ ಅವಳು ಮೊದಲ ಕರಡನ್ನಷ್ಟೇ ಬಿಟ್ಟಿದ್ದಳು. ಕಡಲ ತಳ ಅಳೆಯಲು ಹಡಗಿನಿಂದ ಕಳಿಸಿದ ಶಬ್ದ ಉಪ್ಪಿನೊಳಗೆ ಬೇಗ ಓಡುತ್ತದೆ. ಆ ವೇಗವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೆಳಗಿನ ಚಪ್ಪಟೆ ಬಂಡೆಯೂ ಗುಡ್ಡವಾಗಿ ಕಾಣುತ್ತದೆ.

"ಉಪ್ಪಿನ ವೇಗ ನೋಡಿದ್ದು ಯಾರು?" ಎಣ್ಣೆ ಕಂಪನಿಯ ವಿಮಲಾ ಕೇಳಿದರು.

"ನಾನೇ ಮೇಡಂ. ಈ ಹುಡುಗಿ ಬರೀ ಬಣ್ಣ ಹಚ್ಚಿದ್ದು."

ಮಾನ್ಯಾ ಕಾದಿದ್ದುದು ಆ ಮಾತಿಗೇ. "ಹಾಗಾದ್ರೆ ಸಾರ್, ವೇಗ ಸರಿ ಮಾಡಿದ್ ಮೇಲೆ ಗುಡ್ಡ ಎಲ್ಲಿ ಹೋಯ್ತು, ಸ್ವಲ್ಪ ನೀವೇ ಹೇಳಿ," ಎನ್ನುತ್ತ ತನ್ನ ಲ್ಯಾಪ್‌ಟಾಪಿನ ಚಿತ್ರ ತೋರಿಸಿದಳು. ಬಂಡೆ ಮಣೆಯಂತೆ ಸಪಾಟಾಗಿತ್ತು. ಕಮಲಾಕರ ಲೇಸರಿನ ಕೆಂಪು ಚುಕ್ಕೆಯನ್ನು ಗುಡ್ಡವಿದ್ದ ಜಾಗದಿಂದ ಸರಿಸಿದ.

"ಅಪ್ಪಡಿಯಾ? ಹೌದಾ?" ಎಂದರು ವಿಮಲಾ.

ಊಟಕ್ಕೆ ಮುಂಚೆ ಬಾವಿ ಕೊರೆಯುವ ಪ್ರಸ್ತಾಪ ರದ್ದಾಯಿತು. ತಪ್ಪಾದ ಮೊದಲ ಚಿತ್ರಕ್ಕೆ ಮಾನ್ಯಾಳ ಹೆಸರನ್ನೂ ಸೇರಿಸೋಣವೆಂದು ಕಮಲಾಕರ ಕೇಳಿಕೊಂಡ. "ವೇಗ ನೋಡಿದ್ದು ನಾನೇ ಅಂದಿರಲ್ಲ," ಎಂದು ವಿಮಲಾ ಒಪ್ಪಲಿಲ್ಲ.